ಮರಳಿನ ಗಡಿಯಾರವೂ ಮರಳದ ಕಾಲವೂ

ಹೊಸದನ್ನು ಕಂಡೊಡನೆ ಹಳೆಯದನ್ನು ನೆನೆದು ನಿಟ್ಟುಸಿರಿಡುವುದು ರಸಿಕರ ಹಳೆಯ ರೂಢಿ. ಮುಂಬಯಿಯ ಸಭಾಗೃಹದಲ್ಲಿ ಊರಿನ ಮೇಳವೊಂದು ಯಕ್ಷಗಾನವಾಡಿದಾಗ, ಪ್ರಸಂಗ ಮುಗಿಯುವ ಮೊದಲೇ ಪ್ರೇಕ್ಷಕರ ಸಾಲಿನಲ್ಲಿ ಹಿಂದಿನ ಭಾಗವತರ, ಹಿಂದಿನ ವೇಷಧಾರಿಗಳ ಮಾತು ಹೊರಡುವುದುಂಟು. ಈ ನಿಟ್ಟುಸಿರಿಗೆ ವಿಮರ್ಶೆಯಲ್ಲಿ ಸ್ಥಾನವಿದೆಯೆ? ಅದು ಕೃತಿಯನ್ನು ಕುರಿತ ತೀರ್ಪೋ ಅಥವಾ ಕಳೆದುಹೋದ ವಯಸ್ಸನ್ನು ಕುರಿತ ಅಳಲೋ? ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಕಾವ್ಯ ನಾಟಕಗಳ ಹೊರಗಿನ ಒಂದು ಉದಾಹರಣೆಯನ್ನು ಎತ್ತಿಕೊಳ್ಳಬಹುದು. ಅದು ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ವಿಡಿಯೋ ಆಟಗಳ ಮಾಲೆ. ೧೯೮೯ರಲ್ಲಿ ಮೊದಲಾದ ಈ ಮಾಲೆಗೆ ಮುಂಬಯಿಯೊಡನೆ ಒಂದು ಸಂಬಂಧವೂ ಉಂಟು. ಆ ಸಂಬಂಧ ಸುಖಾಂತವಾಗಲಿಲ್ಲ.

ಘಾಟಕೋಪರಕ್ಕೂ ಕಾಂಜೂರಮಾರ್ಗಕ್ಕೂ ನಡುವಣ ವಿಕ್ರೋಳಿಯನ್ನೇ ನೋಡಬಹುದು. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಗೆ ಬೇಕಾದ ಮತಪೆಟ್ಟಿಗೆಗಳು ತಯಾರಾದುದು ಇಲ್ಲಿಯ ಗೋದ್ರೆಜ್ ಕಾರ್ಖಾನೆಯಲ್ಲಿ. ಅದೇ ಸಂಸ್ಥೆ ೧೯೫೫ರಲ್ಲಿ ಬೆರಳಚ್ಚು ಯಂತ್ರಗಳನ್ನು ಮಾಡತೊಡಗಿತು. ಘಟ್ಟದ ಕೆಳಗಿನಿಂದಲೂ ಮೇಲಿನಿಂದಲೂ ಮುಂಬಯಿಗೆ ಬಂದ ಕನ್ನಡಿಗರಲ್ಲಿ ಬೆರಳಚ್ಚು ಕಲಿತು ಕಚೇರಿ ಸೇರಿದವರ ತಲೆಮಾರೊಂದಿತ್ತು. ಅವರ ಮಕ್ಕಳ ಕಾಲಕ್ಕೆ, ೧೯೯೦ರ ದಶಕದಲ್ಲಿ, ಬೆರಳಚ್ಚಿನ ಸ್ಥಾನವನ್ನು ಕಂಪ್ಯೂಟರ್ ತರಗತಿ ಆಕ್ರಮಿಸಿತು. ಆ ತರಗತಿಗಳ ಕಪ್ಪು ತೆರೆಯ ಡಾಸ್ ಯಂತ್ರಗಳಲ್ಲಿ, ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ದೇಶದ ಉದ್ದಗಲಕ್ಕೂ ಹಬ್ಬಿದ ಆಟಗಳಲ್ಲಿ ಈ ಪರ್ಷಿಯಾದ ರಾಜಕುಮಾರನದೂ ಒಂದು. ಆಡುವವನು ಒಬ್ಬ; ಬೆನ್ನ ಹಿಂದೆ ನಿಂತು ‘ಹಾರು’, ‘ನಿಲ್ಲು’ ಎಂದು ಕೂಗುವವರು ಐದಾರು ಮಂದಿ. ಇಂದು ನಡುವಯಸ್ಸಿಗೆ ಬಂದಿರುವ ಆ ಬಾಲಕರಿಗೆ ಮಾಲೆಯ ಹೊಸ ಆಟಗಳು ರುಚಿಸುವುದು ಕಡಿಮೆ; ಹಳೆಯದರ ಮಾತೆತ್ತಿದರೆ ಮುಖ ಅರಳುತ್ತದೆ.

ಹಳೆಯದರಲ್ಲಿ ನಿಜವಾಗಿ ಏನಿತ್ತು ಎಂಬುದನ್ನು ಮೊದಲು ನಿರ್ಣಯಿಸಬೇಕು. ಅಮೆರಿಕದ ತರುಣ ಜೋರ್ಡನ್ ಮೆಕ್ನರ್ ಇದನ್ನು ಆಪಲ್ ೨ ಯಂತ್ರಕ್ಕಾಗಿ ಹೆಚ್ಚು ಕಡಿಮೆ ಒಬ್ಬನೇ ರಚಿಸಿದನು. ತಮ್ಮನನ್ನು ಓಡಿಸಿ, ಹಾರಿಸಿ, ಅದನ್ನು ಚಿತ್ರೀಕರಿಸಿಕೊಂಡು, ಚೌಕಟ್ಟು ಚೌಕಟ್ಟಾಗಿ ರೇಖೆಗಿಳಿಸಿದನು. ಕತ್ತಿವರಸೆಯನ್ನು ೧೯೩೮ರ ರಾಬಿನ್ ಹುಡ್ ಚಲನಚಿತ್ರದ ದ್ವಂದ್ವಯುದ್ಧದಿಂದ ತೆಗೆದುಕೊಂಡನು. ಈ ಕಾರಣದಿಂದ ಆಟದ ನಾಯಕನಿಗೆ ಮನುಷ್ಯದೇಹದ ಭಾರ ಬಂದಿತು. ಅವನು ಓಡಿ ನಿಲ್ಲುವಾಗ ಒಂದೆರಡು ಹೆಜ್ಜೆ ಜಾರುತ್ತಾನೆ, ಅಂಚನ್ನು ಹಿಡಿದು ಏದುಸಿರಿನಿಂದೆಂಬಂತೆ ಮೇಲೇರುತ್ತಾನೆ. ಕಥೆ ಸರಳವಾದುದು: ಸೆರೆಮನೆಯ ತಳದಿಂದ ಹನ್ನೆರಡು ಹಂತಗಳನ್ನೇರಿ, ದುಷ್ಟ ವಜೀರನನ್ನು ಕೊಂದು, ರಾಜಕುಮಾರಿಯನ್ನು ಬಿಡಿಸಬೇಕು. ಅವಧಿ ಅರವತ್ತು ನಿಮಿಷ. ಸತ್ತರೆ ಆ ಹಂತದ ಮೊದಲಿನಿಂದ ಪುನಃ ಆಡಬಹುದು. ಆದರೆ ಕಳೆದ ನಿಮಿಷಗಳು ಹಿಂದಿರುಗುವುದಿಲ್ಲ.

ಈ ಕೃತಿಯ ಶ್ರೇಷ್ಠ ಸನ್ನಿವೇಶ ಹುಟ್ಟಿದುದು ಅಭಾವದಿಂದ ಎಂಬುದು ಗಮನಾರ್ಹವಾಗಿದೆ. ಇನ್ನೊಂದು ಪಾತ್ರದ ಚಿತ್ರಗಳನ್ನು ತುಂಬಲು ಯಂತ್ರದ ಸ್ಮರಣಕೋಶದಲ್ಲಿ ಎಡೆ ಇರಲಿಲ್ಲ. ಆದುದರಿಂದ ಮೆಕ್ನರ್ ನಾಯಕನ ಚಿತ್ರಗಳನ್ನೇ ಮಾರ್ಪಡಿಸಿ ಒಂದು ನೆರಳನ್ನು ಸೃಷ್ಟಿಸಿದನು. ರಾಜಕುಮಾರನು ಕನ್ನಡಿಯೊಂದನ್ನು ಭೇದಿಸಿ ಹಾರಿದಾಗ ಅವನ ನೆರಳು ಬೇರ್ಪಟ್ಟು ಹೋಗುತ್ತದೆ. ಮುಂದೆ ಅದು ಅವನಿಗೆ ದೊರೆಯಬೇಕಾದ ಔಷಧವನ್ನು ಕುಡಿದುಬಿಡುತ್ತದೆ, ಬಾಗಿಲನ್ನು ಮುಚ್ಚುತ್ತದೆ. ಕೊನೆಗೆ ಕತ್ತಿ ಹಿರಿದು ಎದುರು ನಿಲ್ಲುತ್ತದೆ. ನೆರಳಿಗೆ ಬಿದ್ದ ಏಟು ತನಗೂ ಬೀಳುತ್ತದೆ. ಗೆಲ್ಲುವ ಉಪಾಯ ಒಂದೇ: ಕತ್ತಿಯನ್ನು ಒರೆಗೆ ಸೇರಿಸಿ ನೆರಳಿನೊಡನೆ ಒಂದಾಗುವುದು. ಹೀಗಿರುವಲ್ಲಿ ಹಳೆಯ ಆಟವನ್ನು ಮೆಚ್ಚುವವರ ಮೆಚ್ಚಿಕೆ ಬರಿಯ ಬಾಲ್ಯಮೋಹವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಕಾಲದ ಮಿತಿಯೂ ಸ್ಮರಣೆಯ ಮಿತಿಯೂ ಅಲ್ಲಿ ಅರ್ಥವಾಗಿ ಪರಿಣಮಿಸಿವೆ.

ಆದರೆ ಹಂಬಲಕ್ಕೆ ಒಂದೇ ನೆಲೆಯಿಲ್ಲ. ಹತ್ತು ವರ್ಷ ಕಿರಿಯರಾದವರನ್ನು ಕೇಳಿದರೆ ಅವರು ‘ಹಳೆಯದು’ ಎನ್ನುವುದು ೧೯೮೯ರ ಆಟವನ್ನಲ್ಲ. ೨೦೦೩ರ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಎಂಬುದನ್ನು. ಯೂಬಿಸಾಫ್ಟ್ ಸಂಸ್ಥೆಯ ಮಾಂಟ್ರಿಯಲ್ ಶಾಖೆ ರಚಿಸಿದ ಈ ಆಟಕ್ಕೆ ಕಥೆ ಬರೆದವನೂ ಮೆಕ್ನರನೇ. ಇದರಲ್ಲಿ ರಾಜಕುಮಾರನಿಗೆ ಒಂದು ಕಠಾರಿ ದೊರೆಯುತ್ತದೆ. ಅದರ ಹಿಡಿಯಲ್ಲಿರುವ ಮರಳನ್ನು ವ್ಯಯಿಸಿ ಕೆಲವು ಕ್ಷಣಗಳ ಕಾಲವನ್ನು ಹಿಂದಕ್ಕೆ ಸರಿಸಬಹುದು. ತಪ್ಪಿದ ಜಿಗಿತವನ್ನು ತಿದ್ದಿಕೊಳ್ಳಬಹುದು. ಮರಳು ಮುಗಿದರೆ ಸಾವು ಸಾವೇ. ಕನ್ನಡದಲ್ಲಿ ‘ಮರಳು’ ಎಂಬ ಒಂದೇ ಮಾತು ಉಸುಕನ್ನೂ ಹಿಂದಿರುಗುವಿಕೆಯನ್ನೂ ಸೂಚಿಸುತ್ತದೆ. ಬೇರೆ ಭಾಷೆಯಲ್ಲಿ ಕಲ್ಪಿತವಾದ ಈ ಆಟದ ತತ್ತ್ವವನ್ನು ಕನ್ನಡದ ಈ ಶ್ಲೇಷೆಯಷ್ಟು ಸಂಗ್ರಹವಾಗಿ ಹೇಳುವುದು ಕಷ್ಟ.

೧೯೮೯ರ ಆಟದ ಅಭಿಮಾನಿಯ ದೃಷ್ಟಿಯಲ್ಲಿ ಇದೊಂದು ಶೈಥಿಲ್ಯ. ಅರವತ್ತು ನಿಮಿಷಗಳ ಕಟ್ಟು ಸಡಿಲಿತು. ೨೦೦೩ರ ಆಟದ ಅಭಿಮಾನಿಗೆ ೨೦೦೮ರ ಆಟ ಶೈಥಿಲ್ಯ. ಅದರಲ್ಲಿ ರಾಜಕುಮಾರನು ಎಲ್ಲಿ ಬಿದ್ದರೂ ಎಲಿಕಾ ಎಂಬ ಸಂಗಾತಿ ಕೈಹಿಡಿದೆತ್ತಿ ಹಿಂದಿನ ನೆಲೆಗೆ ತಂದು ಬಿಡುತ್ತಾಳೆ. ಲೆಕ್ಕದ ದೃಷ್ಟಿಯಿಂದ, ಸತ್ತು ಹಿಂದಿನ ನೆಲೆಯಿಂದ ಆಡುವುದಕ್ಕೂ ಎಲಿಕಾ ಎತ್ತಿ ತರುವುದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಆಟಗಾರನು ಬಯಸಿದುದು ಸಾವಿನ ದಂಡವನ್ನಲ್ಲ, ಅದರ ಅಂಜಿಕೆಯನ್ನು. ಅಂಜಿಕೆಯಿಲ್ಲದೆ ಜಿಗಿತಕ್ಕೆ ರಸವಿಲ್ಲ. ಒಬ್ಬೊಬ್ಬರೂ ತಮ್ಮ ‘ಹಳೆಯದ’ನ್ನು ಬೇರೆ ಬೇರೆ ಇಸವಿಗಳಲ್ಲಿ ಇಟ್ಟರೂ, ಅವರು ಹಂಬಲಿಸುವ ಗುಣ ಒಂದೇ ಎಂದು ಇದರಿಂದ ತಿಳಿಯುತ್ತದೆ. ಅದು ಕಾಲಕ್ಕೆ ಬೆಲೆಯಿದ್ದ ಸ್ಥಿತಿ. ಹಂಬಲದ ಇಸವಿ ವ್ಯಕ್ತಿಯ ವಯಸ್ಸಿಗೆ ಸೇರಿದ್ದು, ಹಂಬಲದ ವಿಷಯ ಕೃತಿಗೆ ಸೇರಿದ್ದು. ವಿಮರ್ಶಕನು ಇವೆರಡನ್ನು ಬಿಡಿಸಿ ನೋಡಬೇಕು.

ಈ ವಿವೇಕ ತಪ್ಪಿದಾಗ ಏನಾಗುತ್ತದೆಂಬುದಕ್ಕೆ ಮುಂಬಯಿಯೇ ಸಾಕ್ಷಿ. ೨೦೨೦ರ ಸೆಪ್ಟೆಂಬರಿನಲ್ಲಿ ಯೂಬಿಸಾಫ್ಟ್ ಸಂಸ್ಥೆ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಆಟದ ಪುನರ್ನಿರ್ಮಾಣವನ್ನು ಘೋಷಿಸಿತು. ಕೆಲಸವನ್ನು ವಹಿಸಿದುದು ತನ್ನ ಪುಣೆ ಮತ್ತು ಮುಂಬಯಿ ಶಾಖೆಗಳಿಗೆ; ಇಂಥ ದೊಡ್ಡ ಆಟವೊಂದರ ಮುಂದಾಳುತನ ಅದರ ಭಾರತೀಯ ಶಾಖೆಗಳಿಗೆ ದೊರೆತುದು ಅದೇ ಮೊದಲು. ಮುನ್ನೋಟದ ತುಣುಕು ಹೊರಬಿದ್ದೊಡನೆ ಆಕ್ಷೇಪಗಳ ಸುರಿಮಳೆಯಾಯಿತು: ಮುಖಗಳಲ್ಲಿ ಜೀವವಿಲ್ಲ, ಬೆಳಕು ಪೇಲವ, ಹಳೆಯದರ ಸೊಬಗಿಲ್ಲ. ೨೦೨೧ರ ಜನವರಿಗೆ ಗೊತ್ತಾಗಿದ್ದ ಬಿಡುಗಡೆ ಮಾರ್ಚಿಗೆ ಹೋಯಿತು. ಬಳಿಕ ಅನಿರ್ದಿಷ್ಟ ಕಾಲಕ್ಕೆ ಮುಂದೆ ಬಿದ್ದಿತು. ೨೦೨೨ರ ಮೇ ತಿಂಗಳಲ್ಲಿ ಕೆಲಸವನ್ನು ಇಲ್ಲಿಂದ ತೆಗೆದು ಮಾಂಟ್ರಿಯಲ್ ಶಾಖೆಗೇ ಒಪ್ಪಿಸಲಾಯಿತು. ೨೦೨೬ರ ಜನವರಿಯಲ್ಲಿ, ಮೊದಲು ಗೊತ್ತಾಗಿದ್ದ ತಿಂಗಳಿಗೆ ಐದು ವರ್ಷ ತುಂಬುವಾಗ, ಸಂಸ್ಥೆ ಆ ಯೋಜನೆಯನ್ನೇ ಕೈಬಿಟ್ಟಿತು.

ಆಕ್ಷೇಪಗಳೆಲ್ಲ ಸುಳ್ಳೆಂದು ಇದರ ತಾತ್ಪರ್ಯವಲ್ಲ. ಅದೇ ಕಾಲದ ಇತರ ಪುನರ್ನಿರ್ಮಾಣಗಳ ಮುಂದೆ ಆ ತುಣುಕು ಸೊರಗಿತ್ತೆಂಬುದು ಒಪ್ಪತಕ್ಕ ಮಾತು. ಆದರೆ ‘ಹಳೆಯದರ ಸೊಬಗಿಲ್ಲ’ ಎಂಬ ಮಾತನ್ನು ಹಾಗೆಯೇ ಅಂಗೀಕರಿಸುವಂತಿಲ್ಲ. ೨೦೦೩ರ ಆಟವನ್ನು ಇಂದಿನ ತೆರೆಯ ಮೇಲೆ ಹಚ್ಚಿ ನೋಡಿದರೆ ಅದರ ಮುಖಗಳು ಒರಟು, ಕೈಬೆರಳುಗಳು ಮೊಂಡು. ನೋಡುಗರು ಹೊಸ ತುಣುಕನ್ನು ಹೋಲಿಸಿದುದು ಹಳೆಯ ಆಟದೊಡನೆ ಮಾತ್ರವಲ್ಲ, ಹದಿನೇಳು ವರ್ಷ ಮನಸ್ಸಿನೊಳಗೆ ಉಜ್ಜಿ ಹೊಳಪೇರಿಸಿದ ಅದರ ನೆನಪಿನೊಡನೆ. ನೆನಪಿನ ಮುಂದೆ ಯಾವ ಕುಶಲಿಯೂ ಗೆಲ್ಲಲಾರನು. ಮುಂಬಯಿ ಪುಣೆಗಳ ಕೆಲಸಗಾರರು ನೆರಳಿನೊಡನೆ ಕತ್ತಿವರಸೆಗೆ ಇಳಿದಂತಾಯಿತು.

ನಮ್ಮ ಪರಂಪರೆಯಲ್ಲಿ ಈ ಸಮಸ್ಯೆ ಹೊಸದಲ್ಲ. ೯೪೧ರಲ್ಲಿ ಪಂಪನು ಭಾರತವನ್ನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ರನ್ನನ ಮುಂದೆ ಎರಡು ದಾರಿಗಳಿದ್ದುವು: ಪಂಪನನ್ನು ಪುನಃ ಕಟ್ಟುವುದು ಅಥವಾ ಪಂಪನಿಂದ ದೂರ ಸರಿಯುವುದು. ರನ್ನನು ಎರಡನ್ನೂ ಬಿಟ್ಟನು. ಯುದ್ಧದ ಕೊನೆಯ ಘಟ್ಟವಾದ ಗದಾಯುದ್ಧವನ್ನು ಎತ್ತಿಕೊಂಡು, ಅಲ್ಲಿ ನಿಂತು, ಸಿಂಹಾವಲೋಕನ ಕ್ರಮದಿಂದ ಹಿಂದಿನ ಭಾರತವನ್ನೆಲ್ಲ ನೋಡಿದನು. ಸಿಂಹವು ಹಿಂದಿರುಗಿ ನೋಡುವುದು ಮುಂದೆ ನಡೆಯುತ್ತಿರುವಾಗ. ಹಂಬಲಕ್ಕೂ ಸಿಂಹಾವಲೋಕನಕ್ಕೂ ಇರುವ ಅಂತರ ಇದೇ. ವಿಡಿಯೋ ಆಟದ ಈ ಮಾಲೆಯಲ್ಲಿಯೂ ಅದಕ್ಕೆ ಒಂದು ನಿದರ್ಶನವಿದೆ. ೨೦೨೪ರ ಜನವರಿಯಲ್ಲಿ ಫ್ರಾನ್ಸಿನ ಮೊಂಪೆಲಿಯೆ ಶಾಖೆಯಿಂದ ಹೊರಬಂದ ‘ದಿ ಲಾಸ್ಟ್ ಕ್ರೌನ್’ ೧೯೮೯ರ ಪಾರ್ಶ್ವನೋಟಕ್ಕೆ ಮರಳಿತು; ಆದರೆ ಹಳೆಯ ನಾಯಕನನ್ನು ಮರಳಿ ತರಲಿಲ್ಲ. ಇಲ್ಲಿ ರಾಜಕುಮಾರನು ಅಪಹೃತನಾದವನು. ನಾಯಕನು ಅವನನ್ನು ಹುಡುಕಿ ಹೊರಟ ಸರ್ಗೋನ್ ಎಂಬ ಯೋಧ. ದಾಟಲಾರದ ಎಡೆಯೊಂದನ್ನು ಕಂಡರೆ ಅದರ ಚಿತ್ರವನ್ನು ನಕ್ಷೆಯ ಮೇಲೆ ಅಂಟಿಸಿಟ್ಟುಕೊಂಡು, ಶಕ್ತಿ ಬಂದ ಮೇಲೆ ಅಲ್ಲಿಗೆ ಹಿಂದಿರುಗುವ ಸೌಕರ್ಯ ಈ ಆಟದಲ್ಲಿದೆ. ಇಲ್ಲಿ ನೆನಪು ಹಿಂದಕ್ಕೆಳೆಯುವ ಭಾರವಲ್ಲ, ಮುಂದಿನ ದಾರಿಯ ಗುರುತು. ವಿಮರ್ಶಕರು ಆಟವನ್ನು ಮೆಚ್ಚಿದರು. ಮಾರಾಟ ಮಾತ್ರ ನಿರೀಕ್ಷೆಯನ್ನು ಮುಟ್ಟಲಿಲ್ಲವೆಂದು ವರದಿಯಾಯಿತು. ಅದೇ ವರ್ಷ ರಚನಕಾರರ ತಂಡ ಬೇರೆ ಬೇರೆ ಕೆಲಸಗಳಿಗೆ ಹಂಚಿಹೋಯಿತು. ಹಳೆಯದಕ್ಕಾಗಿ ಹಂಬಲಿಸಿದವರೆಲ್ಲ ಹಳೆಯದರ ಸತ್ತ್ವವನ್ನುಳ್ಳ ಹೊಸದನ್ನು ಕೊಂಡು ಉಳಿಸಿಕೊಳ್ಳಲಿಲ್ಲ ಎಂಬುದು ಹಂಬಲದ ಮೇಲಿನ ಗುರುತರವಾದ ಆಪಾದನೆ.

ಇನ್ನು ೨೦೦೩ರ ಆಟದ ಕೊನೆಯನ್ನು ವಿಚಾರಿಸಬೇಕು. ಪ್ರವಾಸಿ ಕನ್ನಡಿಗರಿಗೆ ಅದು ಹೆಚ್ಚು ಹತ್ತಿರದ ವಿಷಯ. ಆಟ ಮೊದಲಾಗುವುದು ಭಾರತದ ಒಬ್ಬ ಮಹಾರಾಜನ ಅರಮನೆಯ ಲೂಟಿಯಿಂದ. ಅಲ್ಲಿ ಸೆರೆಯಾದ ರಾಜಕುಮಾರಿ ಫರಾಹ ಕಥೆಯುದ್ದಕ್ಕೂ ನಾಯಕನ ಜೊತೆಗಿರುತ್ತಾಳೆ. ಬಾಲ್ಯದಲ್ಲಿ ತಾಯಿಯಿಂದ ಕೇಳಿದ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಮಂತ್ರದಂಥ ಮಾತನ್ನು ಅವಳು ಅವನಿಗೆ ತಿಳಿಸುತ್ತಾಳೆ. ಆ ಮಾತು ಪಂಚತಂತ್ರದ ಮೂರನೆಯ ತಂತ್ರದ ಹೆಸರಾದ ‘ಕಾಕೋಲೂಕೀಯ’ವೇ ಎಂಬಷ್ಟು ಅದಕ್ಕೆ ಸಮೀಪವಾಗಿದೆ. ಆರನೆಯ ಶತಮಾನದಲ್ಲಿ ಪರ್ಷಿಯಾಕ್ಕೆ ಹೋದ, ೧೦೩೧ರಲ್ಲಿ ದುರ್ಗಸಿಂಹನಿಂದ ಕನ್ನಡಕ್ಕೆ ಬಂದ ಕಥಾಸಂಪ್ರದಾಯ ಹೀಗೆ ಆಟವೊಂದರ ಮರ್ಮಸ್ಥಾನದಲ್ಲಿ ಕಾಣಿಸಿಕೊಂಡಿರುವುದು ಸಂಶೋಧಕರು ಗಮನಿಸತಕ್ಕ ಸಂಗತಿ. ಅಂತ್ಯದಲ್ಲಿ ನಾಯಕನು ಕಾಲವನ್ನೆಲ್ಲ ಮೊದಲಿಗೆ ಮರಳಿಸುತ್ತಾನೆ. ಲೂಟಿ ಇನ್ನೂ ನಡೆದಿಲ್ಲ, ಫರಾಹಳಿಗೆ ಅವನ ಗುರುತಿಲ್ಲ. ಅವನು ಅವಳ ಮುಂದೆ ಕುಳಿತು ಕಥೆಯೆಲ್ಲವನ್ನೂ ಹೇಳುತ್ತಾನೆ. ಅವಳು ಅದನ್ನು ಕಟ್ಟುಕಥೆಯೆಂದೇ ಬಗೆಯುತ್ತಾಳೆ. ನಿನ್ನನ್ನು ಏನೆಂದು ಕರೆಯಲಿ ಎಂದು ಕೇಳಿದಾಗ ಅವನು ಹೇಳುವುದು ಆ ಗುಟ್ಟಿನ ಮಾತನ್ನು.

ಕಾಲವನ್ನು ಮರಳಿಸಿದವನಿಗೆ ದೊರೆತುದು ಹಿಂದಿನ ಬಾಳಲ್ಲ, ಹಂಚಿಕೊಳ್ಳಲಾಗದ ನೆನಪು. ಬಂಟವಾಳದ ಗದ್ದೆಯನ್ನೋ ಧಾರವಾಡದ ಓಣಿಯನ್ನೋ ಕುರಿತು ವಿಕ್ರೋಳಿಯ ಮನೆಯಲ್ಲಿ ಹೇಳುವ ತಂದೆಯ ಸ್ಥಿತಿ ಇದೇ ಅಲ್ಲವೆ? ಮಗನ ಪಾಲಿಗೆ ಅದು ನಡೆಯದೇ ಇದ್ದ ಕಥೆ. ಆ ಮಗನು ಡಾಸ್ ಯಂತ್ರದ ಕತ್ತಲೆಯ ಸೆರೆಮನೆಯನ್ನು ತನ್ನ ಮಗಳಿಗೆ ತೋರಿಸಿದಾಗ ಅವಳ ಪಾಲಿಗೆ ಅದೂ ಹಾಗೆಯೇ. ಟಾಗೋರ್ ನಗರ, ಕನ್ನಮ್ವಾರ್ ನಗರಗಳಲ್ಲಿ ಗೃಹಮಂಡಳಿಯ ಹಳೆಯ ಕಟ್ಟಡಗಳು ಒಂದೊಂದಾಗಿ ಉರುಳಿ ಗೋಪುರಗಳು ಏಳುತ್ತಿರುವಾಗ, ಅವರು ಆಡಿದ ಜಗಲಿಗಳೂ ಇದೇ ಸಾಲಿಗೆ ಸೇರುತ್ತಿವೆ. ಇಂಥಲ್ಲಿ ‘ನಮ್ಮ ಕಾಲವೇ ಚೆನ್ನ’ ಎಂಬ ತೀರ್ಪಿನಿಂದ ಕಿರಿಯರಿಗೆ ಏನೂ ದಾಟುವುದಿಲ್ಲ. ಫರಾಹಳಿಗೆ ದಾಟಿದುದು ಅವಳದೇ ತಾಯಿಯ ಒಂದು ಮಾತು. ಅದನ್ನು ಕೇಳಿ ಅವಳು ಬೆರಗಾದಳು.

ವಿಮರ್ಶೆಯ ಕೆಲಸ ಆ ಮಾತನ್ನು ಹುಡುಕುವುದು. ೨೦೧೨ರಲ್ಲಿ ಮೆಕ್ನರನ ತಂದೆಗೆ ದೊರೆತ ಹಳೆಯ ಫ್ಲಾಪಿಗಳಿಂದ ೧೯೮೯ರ ಆಟದ ಮೂಲಲಿಪಿಯನ್ನು ಉದ್ಧರಿಸಿ ಎಲ್ಲರಿಗೂ ತೆರೆದಿಟ್ಟರು. ತಾಳೆಯೋಲೆಗಳನ್ನು ಸಂಪಾದಿಸಿದ ಪರಂಪರೆಯವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ. ಮುಂಬಯಿಯಲ್ಲಿ ಮೊದಲಾಗಿ ಮಾಂಟ್ರಿಯಲಿಗೆ ಹೋಗಿ ನಿಂತುಹೋದ ಪುನರ್ನಿರ್ಮಾಣಕ್ಕೆ ಅಂಥ ಉದ್ಧಾರವಿಲ್ಲ. ಅದು ಹೇಗಿತ್ತೆಂದು ನೋಡಿ ನಿರ್ಣಯಿಸುವ ಅವಕಾಶವೇ ಸಹೃದಯರಿಗೆ ದೊರೆಯಲಿಲ್ಲ. ಹಳೆಯದನ್ನು ಪ್ರೀತಿಸುವವರು ತಮ್ಮ ಪ್ರೀತಿ ಯಾವ ಹೊಸ ಕೆಲಸದ ಬಾಗಿಲನ್ನು ಮುಚ್ಚುತ್ತಿದೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.