ಮರುಳಶಂಕರದೇವರ ‘ಮರುಳು’

ಶೂನ್ಯಸಂಪಾದನೆಯ ಮರುಳಶಂಕರದೇವರ ಪ್ರಸಂಗವು ಗಾತ್ರದಲ್ಲಿ ಕಿರಿದು. ಕಲ್ಯಾಣದ ಮಹಾಮನೆಯ ಪ್ರಸಾದಕುಂಡದ ಬಳಿ ಹನ್ನೆರಡು ವರುಷ ಮರುಳರಂತೆ ಇದ್ದ ಶರಣರನ್ನು ಪ್ರಭುದೇವರು ಗುರುತಿಸಿ ಬಸವಣ್ಣನವರಿಗೆ ತೋರುವುದೇ ಅದರ ವಸ್ತು. ಲೋಕದ ಕಣ್ಣಿಗೆ ಹುಚ್ಚಾದುದು ಅರಿವಿನ ಮರೆಯೆಂದು ಇದಕ್ಕೆ ಅರ್ಥ ಹೇಳುವುದು ವಾಡಿಕೆ.

ಈ ಅರ್ಥವು ತಪ್ಪಲ್ಲ, ಆದರೆ ಸಾಲದು. ಪ್ರಸಂಗದ ಭಾರವು ಮರುಳಶಂಕರದೇವರ ಮೇಲಿರುವುದಕ್ಕಿಂತ ಅವರನ್ನು ಕಾಣದೆ ಹೋದವರ ಮೇಲೆ ಹೆಚ್ಚಾಗಿದೆ. ನಿತ್ಯ ದಾಸೋಹ ನಡೆಯುತ್ತಿದ್ದ ಮನೆಯ ಆವರಣದಲ್ಲಿಯೇ ಒಬ್ಬರು ಯಾರ ಲಕ್ಷ್ಯಕ್ಕೂ ಬಾರದೆ ಉಳಿದರು. ಅಲ್ಲಿ ಪ್ರಸಾದವಿತ್ತು, ಆಸರೆಯಿತ್ತು. ಯಾರಿವರೆಂದು ವಿಚಾರಿಸುವ ಕಣ್ಣಿರಲಿಲ್ಲ.

ಭಕ್ತಿಯ ಭರದಲ್ಲಿ ಈ ಕಥೆಯನ್ನು ಮನೋರೋಗಕ್ಕೂ ಅನ್ವಯಿಸುವವರುಂಟು. ಅದರಿಂದ ಶರಣರಿಗೂ ನ್ಯಾಯವಾಗದು, ರೋಗಿಗೂ ಹಿತವಾಗದು. ಮರುಳಶಂಕರದೇವರದು ತಾವೇ ಧರಿಸಿದ ವೇಷ. ರೋಗಿಯ ಮರುಳಾದರೋ ಅವನು ಬೇಡಿ ತಂದುದಲ್ಲ, ಬೇಕೆಂದಾಗ ಕಳಚಿಡಲು ಬರುವಂತಹುದೂ ಅಲ್ಲ. ಒಬ್ಬನನ್ನು ಅವಧೂತನೆಂದು ಕೈಮುಗಿದು ಬಿಡುವುದು, ಮತ್ತೊಬ್ಬನನ್ನು ಗಾಳಿ ಸೋಕಿದೆಯೆಂದು ಕಟ್ಟಿಹಾಕುವುದು: ಎರಡರಲ್ಲಿಯೂ ಚಿಕಿತ್ಸೆ ತಪ್ಪುತ್ತದೆ. ತಮಿಳುನಾಡಿನ ಏರ್ವಾಡಿಯಲ್ಲಿ, ಕ್ಷೇತ್ರಮಹಿಮೆಯನ್ನು ನಂಬಿ ಬಂಧುಗಳು ಕರೆತಂದು ಬಿಟ್ಟಿದ್ದ ರೋಗಿಗಳಲ್ಲಿ 28 ಮಂದಿ 2001ರ ಆಗಸ್ಟ್‌ನಲ್ಲಿ ಬೆಂಕಿಗೆ ಬಲಿಯಾದರು; ಕಾಲಿಗೆ ಸರಪಳಿಯಿದ್ದುದರಿಂದ ಓಡಲಾಗಲಿಲ್ಲ. ಹಾಗೆ ಸರಪಳಿ ಬಿಗಿಯುವುದನ್ನು 2017ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ.

ವೈದ್ಯ ಸಂಗಣ್ಣನವರನ್ನು ಇಲ್ಲಿ ನೆನೆಯುವುದು ಉಚಿತ. ವೈದ್ಯಕಾಯಕದ ಈ ಶರಣರು ರೋಗ ಮತ್ತು ಔಷಧಿಗಳ ಪರಿಭಾಷೆಯಲ್ಲಿಯೇ ಭವರೋಗವನ್ನು ಕುರಿತು ನುಡಿದರು. ಇದನ್ನೇ ಆಧಾರವಾಗಿಟ್ಟುಕೊಂಡು, ಭಕ್ತಿಯೊಂದಿದ್ದರೆ ಮದ್ದೇತಕ್ಕೆ ಎಂದು ವಾದಿಸುವ ವ್ಯಾಖ್ಯಾನಗಳು ನಿಲ್ಲಲಾರವು. ಆ ರೂಪಕವು ನಿಂತಿರುವುದೇ ಕಾಯಕದ ನೆಲದ ಮೇಲೆ. ರೂಪಕವನ್ನು ಹಿಡಿದು ಕಾಯಕವನ್ನು ಅಲ್ಲಗಳೆಯುವುದು ವಿಚಿತ್ರ ತರ್ಕವೇ ಸರಿ! ಮದ್ದೊಂದೇ ಸಾಕೆನ್ನುವುದೂ ಅಷ್ಟೇ ಅರೆಮಾತು. ಗುಳಿಗೆಯ ಜೊತೆಗೆ ನಿದ್ರೆ, ಆಹಾರ, ಮನೆಯವರ ತಾಳ್ಮೆ, ಕೈಲಾಗುವಷ್ಟು ಕಾಯಕ, ನಾಲ್ಕು ಜನರೊಡನೆ ಸಮನಾಗಿ ಕುಳಿತುಣ್ಣುವ ಪಂಕ್ತಿ ಇವೆಲ್ಲ ಕೂಡಿದಾಗ ಚೇತರಿಕೆಗೆ ಬಲ ಬರುತ್ತದೆ. ಬೆಂಗಳೂರಿನಲ್ಲಿ ಮನೋರೋಗಗಳ ಆಸ್ಪತ್ರೆಯನ್ನೂ 1954ರ ಶಿಕ್ಷಣಸಂಸ್ಥೆಯನ್ನೂ ಕೂಡಿಸಿ 1974ರಲ್ಲಿ ರೂಪಿಸಿದ ನಿಮ್ಹಾನ್ಸ್ ಸಂಸ್ಥೆಯು, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು ಚಿಕಿತ್ಸೆಯನ್ನು ಹಳ್ಳಿಗಳ ಬಳಿಗೊಯ್ದಿತು. ರೋಗಿಯು ತನ್ನವರ ನಡುವೆಯೇ ಉಳಿದು ಗುಣಹೊಂದಲಿ ಎಂಬುದು ಅದರ ಆಶಯ.

ವ್ಯಾಖ್ಯಾನಕಾರರು ‘ಮರುಳು’ ಶಬ್ದದ ತತ್ತ್ವಾರ್ಥಕ್ಕೆ ಪುಟಗಟ್ಟಲೆ ಮೀಸಲಿಡುತ್ತಾರೆ. ಆ ಹನ್ನೆರಡು ವರುಷಗಳನ್ನು ಮಾತ್ರ ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ.