ಮಲ್ಲಸಾಹಿತ್ಯದಲ್ಲಿ ಅನ್ನದ ಪ್ರಶ್ನೆ

ಕಾಳಗದ ವರ್ಣನೆಯಲ್ಲಿ ನಮ್ಮ ಸಾಹಿತ್ಯವು ಬಡವಾದುದಲ್ಲ. ತೋಳು, ತೊಡೆ, ಪಟ್ಟು, ಪೆಟ್ಟುಗಳನ್ನು ಕುರಿತು ಕವಿಗಳು ಬೇಕಾದಷ್ಟು ಹೇಳಿದ್ದಾರೆ. ಆದರೆ ಕಣಕ್ಕಿಳಿದವನು ಆ ಹೊತ್ತು ಏನು ಉಂಡಿದ್ದನು, ಅವನ ಮನೆಯಲ್ಲಿ ಒಲೆ ಹೊತ್ತಿತ್ತೇ ಎಂಬ ಪ್ರಶ್ನೆಯನ್ನಿಟ್ಟುಕೊಂಡು ಓದಿದರೆ ಅದೇ ವರ್ಣನೆಗಳು ಬೇರೊಂದು ಬಗೆಯಾಗಿ ಕಾಣತೊಡಗುತ್ತವೆ. ಮೈಯನ್ನೇ ಬಂಡವಾಳ ಮಾಡಿಕೊಂಡವನ ಬಾಳನ್ನು ಬರವಣಿಗೆಯು ಎಲ್ಲಿ ನಿಂತು ನೋಡಿದೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ವ್ಯಾಸಭಾರತದ ವಿರಾಟಪರ್ವವನ್ನು ತೆಗೆದುಕೊಳ್ಳೋಣ. ರಾಜ್ಯಭ್ರಷ್ಟನಾದ ಭೀಮಸೇನನು ಮತ್ಸ್ಯರಾಜನಲ್ಲಿ ಅಡುಗೆಯವನಾಗಿದ್ದಾನೆ. ಉತ್ಸವಕ್ಕೆ ಬಂದ ಜೀಮೂತನೆಂಬ ಮಲ್ಲನನ್ನು ಎದುರಿಸಲು ಯಾರೂ ಮುಂದಾಗದಿರಲು, ವಿರಾಟನು ತನ್ನ ಅಡುಗೆಯವನನ್ನೇ ಕಣಕ್ಕೆ ಬಿಡುತ್ತಾನೆ. ಭೀಮನಿಗೆ ಮನಸ್ಸಿಲ್ಲ, ಆದರೆ ಅನ್ನ ಕೊಟ್ಟ ದೊರೆಗೆ ಇಲ್ಲವೆನ್ನುವಂತಿಲ್ಲ. ಗೆದ್ದ ಮೇಲೆ ಧನ ದೊರೆಯುತ್ತದೆ. ಮುಂದೆ ಅಂತಃಪುರದವರ ವಿನೋದಕ್ಕಾಗಿ ಹುಲಿಸಿಂಹಗಳೊಡನೆಯೂ ಹೋರಾಡಬೇಕಾಗುತ್ತದೆ. ಇದನ್ನು ಪರಾಕ್ರಮದ ಪ್ರಸಂಗವೆಂದು ಓದುವುದು ವಾಡಿಕೆ. ಆದರೆ ಅದೇ ಪರ್ವದಲ್ಲಿ ದ್ರೌಪದಿಯು ಭೀಮನೆದುರು ತೋಡಿಕೊಳ್ಳುವ ದುಃಖಗಳಲ್ಲಿ ಈ ಕಾಳಗವೂ ಒಂದು. ರಾಣಿಗೆ ಅದು ನೋಟ. ಮಡದಿಗೆ ಮೂರ್ಛೆ ತರುವ ಸಂಕಟ. ಹೀಗೆ ಮಹಾಕವಿಯು ಕಾಳಗವನ್ನು ಮನೆಯ ಕಡೆಯಿಂದಲೂ ಒಮ್ಮೆ ತೋರಿಸಿದ್ದಾನೆ.

ಮುಂದೆ ಈ ದೃಷ್ಟಿ ಮರೆಯಾಯಿತು. ನಮ್ಮ ಸೀಮೆಯನ್ನೂ ಆಳಿದ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನ (ಕ್ರಿ. ಶ. 1126–1138) ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಮಲ್ಲರ ದರ್ಜೆಗಳು, ಭಾರ ಎತ್ತುವ, ಈಜುವ, ಕಂಬವೇರುವ ಸಾಧನೆಗಳು, ಅವರಿಗೆ ಒದಗಿಸಬೇಕಾದ ಪುಷ್ಟಿಕರವಾದ ಆಹಾರ, ಎಲ್ಲವೂ ಅಲ್ಲಿ ಉಕ್ತವಾಗಿವೆ. ಆದುದರಿಂದ ಅನ್ನದ ಮಾತೇ ಇಲ್ಲವೆನ್ನುವಂತಿಲ್ಲ. ಆದರೆ ಅದು ಆನೆ ಕುದುರೆಗಳ ಮೇವನ್ನು ಗೊತ್ತುಪಡಿಸುವ ರೀತಿಯ ಮಾತು. ಶಾಸ್ತ್ರಕಾರನು ಅರಸನ ಆಸನದಲ್ಲಿ ಕುಳಿತು ನೋಡುತ್ತಾನೆ. ವಿನೋದವೆಂಬ ಹೆಸರೇ ಅದಕ್ಕೆ ಸಾಕ್ಷಿ.

ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ನೂನಿಜನ ಬರಹವು ಇದಕ್ಕಿಂತ ಹೆಚ್ಚಿನದನ್ನು ಬಿಟ್ಟುಕೊಡುತ್ತದೆ. ಮಹಾನವಮಿಯಲ್ಲಿ ಮಲ್ಲರು ಮೊನೆಯುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಗುದ್ದಾಡುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನು ಬಹುಮಾನವಾಗಿ ರೇಷ್ಮೆ ವಸ್ತ್ರವನ್ನು ಪಡೆಯುತ್ತಿದ್ದನೆಂದೂ ಅವನು ಹೇಳುತ್ತಾನೆ. ಇಲ್ಲಿ ಬಹುಮಾನವು ಜಯಕ್ಕಲ್ಲ, ಗಾಯಕ್ಕೆ! ಪರದೇಶದವನು ವಿಚಿತ್ರವೆಂದು ಬರೆದಿಟ್ಟ ಈ ಒಂದು ಸಂಗತಿಯಲ್ಲಿ ಮಲ್ಲವೃತ್ತಿಯ ಒಳಗುಟ್ಟು ಅಡಗಿದೆ. ಮೈಸೂರಿನ ದಸರೆಯಲ್ಲಿ ಜಟ್ಟಿಗಳು ಇಂದಿಗೂ ನಡೆಸುವ ವಜ್ರಮುಷ್ಟಿ ಕಾಳಗವೂ ಮೊದಲ ರಕ್ತ ಚಿಮ್ಮಿದೊಡನೆ ನಿಲ್ಲುತ್ತದೆ.

ಅನ್ನದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವನು ಅಮೆರಿಕದ ಕಥೆಗಾರ ಜಾಕ್ ಲಂಡನ್. 1909ರಲ್ಲಿ ಪ್ರಕಟವಾದ ‘ಎ ಪೀಸ್ ಆಫ್ ಸ್ಟೀಕ್’ ಕಥೆಯ ಟಾಮ್ ಕಿಂಗನು ಪ್ರಾಯ ಕಳೆದ ಬಾಕ್ಸಿಂಗ್ ಪಟು. ಪಂದ್ಯದ ದಿನ ಕಟುಕನು ಒಂದು ತುಂಡು ಮಾಂಸವನ್ನೂ ಸಾಲ ಕೊಡುವುದಿಲ್ಲ. ಮಕ್ಕಳು ಹಸಿದೇ ಮಲಗಿದ್ದಾರೆ; ಹೆಂಡತಿ ಉಂಡಿಲ್ಲ; ಅವನು ಕಣಕ್ಕೆ ನಡೆದೇ ಹೋಗುತ್ತಾನೆ. ಅನುಭವದಿಂದ ಗೆಲುವಿನ ಅಂಚಿಗೆ ಬಂದವನಿಗೆ ಕೊನೆಯ ಪೆಟ್ಟಿಗೆ ಬೇಕಾದ ಕಸುವು ಸಾಲದೆ ಹೋಗುತ್ತದೆ. ಇಲ್ಲಿ ಸೋಲಿಸಿದ್ದು ಎದುರಾಳಿಯ ಯೌವನ ಮಾತ್ರವಲ್ಲ, ಸಿಗದೆ ಹೋದ ಆ ತುಂಡು ಮಾಂಸವೂ ಹೌದು. ದ್ರೌಪದಿಯ ನೋಟವು ಈ ಕಥೆಯಲ್ಲಿ ಪೂರ್ಣವಾಗಿ ಮರಳಿ ಬಂದಿದೆಯೆಂದು ನಾವು ಭಾವಿಸುತ್ತೇವೆ.

ಇದಕ್ಕೆ ಜೀವಂತ ನಿದರ್ಶನ ಜೇಮ್ಸ್ ಬ್ರ್ಯಾಡಕ್. 1929ರ ಆರ್ಥಿಕ ಕುಸಿತದ ಬಳಿಕ ಕೈಮುರಿದು, ಬಂದರಿನಲ್ಲಿ ಹೊರೆ ಹೊತ್ತು, ಸರಕಾರದ ಪರಿಹಾರಧನ ಪಡೆದು ಸಂಸಾರ ಸಾಗಿಸಿದವನು, 1935ರ ಜೂನ್ 13ರಂದು ಮ್ಯಾಕ್ಸ್ ಬೇಯರನನ್ನು ಸೋಲಿಸಿ ಜಗಜ್ಜೆಟ್ಟಿಯಾದನು, ಪರಿಹಾರಧನವನ್ನು ಹಿಂದಿರುಗಿಸಿದನು. 2005ರ ‘ಸಿಂಡರೆಲಾ ಮ್ಯಾನ್’ ಚಲನಚಿತ್ರವು ಈ ಬಡತನವನ್ನು ಮನಮುಟ್ಟುವಂತೆ ಚಿತ್ರಿಸಿದೆ. ಆದರೆ ಬೇಯರನನ್ನು ಕ್ರೂರಿಯನ್ನಾಗಿ ಮಾಡಿದ್ದು ದೋಷವೇ ಸರಿ. ಅವನ ಮಗನೇ ಇದನ್ನು ಆಕ್ಷೇಪಿಸಿದನು. ಹಸಿವು ಎದುರಾಳಿಯಾಗಿ ನಿಂತಿರುವಾಗ ಬೇರೊಬ್ಬ ಖಳನನ್ನು ಹುಡುಕುವುದು ಅನಾವಶ್ಯಕ; ಅಲ್ಲದೆ ಅದು ನೋಡುವವರ ಸಿಟ್ಟನ್ನು ಬಡತನದಿಂದ ಒಬ್ಬ ಮನುಷ್ಯನ ಕಡೆಗೆ ತಿರುಗಿಸಿಬಿಡುತ್ತದೆ.

ಈ ಚರ್ಚೆ ನಮ್ಮ ಗಡಿಸೀಮೆಗೆ ಹೊರಗಿನದೇನಲ್ಲ. 1956ರಲ್ಲಿ ಆಂಧ್ರಪ್ರದೇಶಕ್ಕೂ 2014ರಲ್ಲಿ ತೆಲಂಗಾಣಕ್ಕೂ ಸೇರಿದ ಉಟ್ಕೂರು, ಮಖ್ತಲ, ನಾರಾಯಣಪೇಟೆಗಳು ಹಳೆಯ ಪಾಲಮೂರು ಜಿಲ್ಲೆಯ ಭಾಗಗಳು. ಅಣೆಕಟ್ಟು, ಕಾಲುವೆ, ಕಟ್ಟಡಗಳಿಗೆ ಗುಂಪುಗುಂಪಾಗಿ ವಲಸೆಹೋದ ಪಾಲಮೂರು ಕೂಲಿಯ ಹೆಸರು ದೂರದೂರಕ್ಕೆ ಹಬ್ಬಿದೆ. ಅವರಿಗೂ ಮೈಯೇ ಬಂಡವಾಳ. ಅದು ಸವೆದ ಮೇಲೆ ಕೇಳುವವರಿಲ್ಲ. ಅಂಥವರ ಮಕ್ಕಳು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಅವರಿಗೆ ಭೀಮನ ತೋಳನ್ನು ಮಾತ್ರ ಬಣ್ಣಿಸಿ, ಅವನು ಕೂಲಿಗಾಗಿ ಹೋರಾಡಿದನೆಂಬುದನ್ನು ಬಿಟ್ಟರೆ ಪಾಠವು ಅರ್ಧವಾಗುತ್ತದೆ.

ತಾಲೀಮಿನ ಮಣ್ಣಿನಲ್ಲಿ ಪ್ರಾಯ ಸವೆಸಿದ ಮುದುಕರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ತೆಂಗಿನಕಾಯಿ, ಬೆಳ್ಳಿಯ ಕಡಗಗಳ ಲೆಕ್ಕವನ್ನು ಅವರು ತಾವಾಗಿಯೇ ಹೇಳುತ್ತಾರೆ. ಹಾಲು, ಬಾದಾಮಿಗಳಿಗೆ ಹಣ ಕೊಟ್ಟವರಾರು, ಕಡಗವನ್ನು ಯಾವ ವರ್ಷ ಒತ್ತೆಯಿಟ್ಟರು, ಮನೆಯವರು ಏನೆಂದರು, ಈ ಪ್ರಶ್ನೆಗಳನ್ನು ನಾವೇ ಕೇಳಬೇಕು. ಶಿಕ್ಷಕ ಬಂಧುಗಳು ತಮ್ಮ ತಮ್ಮ ಊರುಗಳಲ್ಲಿ ಈ ಉತ್ತರಗಳನ್ನು ಬರೆದಿಟ್ಟರೆ, ಕಣದ ಸಾಹಿತ್ಯದಲ್ಲಿ ಇದುವರೆಗೆ ಕಾಣದ ಅಡುಗೆಮನೆಯೊಂದು ಕನ್ನಡಕ್ಕೆ ದೊರೆತಂತಾಗುವುದು.