ಸಾಧ್ಯತೆ ಮತ್ತು ಔಚಿತ್ಯ: ಕಿರುಚಿಪ್ಪಿನ ಮೇಲೆ ಲಿನಕ್ಸ್

ಮೇಜಿನ ಗಣಕಕ್ಕೆಂದು ರಚಿತವಾದ ಆಪರೇಟಿಂಗ್ ಸಿಸ್ಟಮನ್ನು ಎಷ್ಟು ಅಲ್ಪವಾದ ಮೈಕ್ರೊಕಂಟ್ರೋಲರಿನ ಮೇಲಾದರೂ ನಡೆಸಬಹುದೆಂಬುದಕ್ಕೆ 2012ರಲ್ಲಿ ಡಿಮಿಟ್ರಿ ಗ್ರಿನ್‌ಬರ್ಗ್ ಅವರು ಮಾಡಿದ ಪ್ರಯೋಗವನ್ನು ನಿದರ್ಶನವಾಗಿ ಹೇಳುವುದುಂಟು. ಎಟಿಮೆಗಾ 1284ಪಿ ಎಂಬ 8 ಬಿಟ್ಟಿನ ಚಿಪ್ಪಿನ ಮೇಲೆ ಅವರು ಲಿನಕ್ಸನ್ನು ನಡೆಸಿ ತೋರಿಸಿದರು. ಅವರ ಜಾಣ್ಮೆಯನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಇದರಿಂದ ಹೊರಡಿಸುವ ಸಿದ್ಧಾಂತವು ಪರಿಶೀಲನೆಗೆ ನಿಲ್ಲುವುದೇ ಎಂಬುದು ಬೇರೆ ಪ್ರಶ್ನೆ.

ಮೊದಲನೆಯದಾಗಿ, ಸ್ಮೃತಿಯ ಮಾತು. ಚಿಪ್ಪಿನ ಸ್ವಂತ ರ್‍ಯಾಮ್ 16 ಕಿಲೊಬೈಟು; ಪ್ರೋಗ್ರಾಮನ್ನಿಡುವ ಫ್ಲ್ಯಾಶ್ 128 ಕಿಲೊಬೈಟು. ಇದು ಸಾಲದಾದುದರಿಂದ 16 ಮೆಗಾಬೈಟಿನ ರ್‍ಯಾಮನ್ನೂ ಎಸ್‌ಡಿ ಕಾರ್ಡನ್ನೂ ಹೊರಗಿನಿಂದ ಜೋಡಿಸಬೇಕಾಯಿತು.

ಎರಡನೆಯದಾಗಿ, ರಚನೆಯ ಮಾತು. ಈ ಚಿಪ್ಪು ಫ್ಲ್ಯಾಶಿನಲ್ಲಿರುವ ಆಜ್ಞೆಗಳನ್ನು ಮಾತ್ರ ನಡೆಸಬಲ್ಲುದು. ರ್‍ಯಾಮಿಗೆ ತಂದಿಟ್ಟ ಪ್ರೋಗ್ರಾಮನ್ನು ನಡೆಸಲಾರದು. ಒಂದು ಪ್ರೋಗ್ರಾಮಿನ ಸ್ಮೃತಿಯನ್ನು ಇನ್ನೊಂದು ಕೆಡಿಸದಂತೆ ಕಾಯುವ ಘಟಕವೂ ಇದರಲ್ಲಿಲ್ಲ. ಆದಕಾರಣ ಗ್ರಿನ್‌ಬರ್ಗ್ ಅವರು ಆರ್ಮ್ ಪ್ರೊಸೆಸರನ್ನು ಅನುಕರಿಸುವ ಪ್ರೋಗ್ರಾಮನ್ನು ಬರೆದರು. ಲಿನಕ್ಸ್ ನಡೆದುದು ಆ ಕಲ್ಪಿತ ಪ್ರೊಸೆಸರಿನ ಮೇಲೆ.

ಮೂರನೆಯದಾಗಿ, ಕಾಲದ ಮಾತು. 24 ಮೆಗಾಹರ್ಟ್ಸಿನಲ್ಲಿ ಓಡಿದ ಚಿಪ್ಪು ಅನುಕರಣೆಯಲ್ಲಿ ಸುಮಾರು 6.5 ಕಿಲೊಹರ್ಟ್ಸಿನ ವೇಗಕ್ಕಿಳಿಯಿತು. ಆಜ್ಞೆ ಕೇಳುವ ಹಂತಕ್ಕೆ ಬರಲು 2 ಗಂಟೆ. ಉಬುಂಟು ಪೂರ್ತಿ ಸಿದ್ಧವಾಗಲು ಮತ್ತೆ 4 ಗಂಟೆ.

ಸಾಕಷ್ಟು ಸ್ಮೃತಿಯೂ ಕಾಲವೂ ದೊರೆತರೆ ಒಂದು ಯಂತ್ರವು ಮತ್ತೊಂದನ್ನು ಅನುಕರಿಸಬಲ್ಲುದೆಂಬ ತತ್ತ್ವವನ್ನು 1936ರಲ್ಲೇ ಅಲನ್ ಟ್ಯೂರಿಂಗ್ ತೋರಿಸಿಕೊಟ್ಟಿದ್ದರು. ಈ ಪ್ರಯೋಗವು ಆ ತತ್ತ್ವಕ್ಕೆ ಕಣ್ಣಿಗೆ ಕಾಣುವ ಉದಾಹರಣೆ. ಪಾಠದ ಕೋಣೆಯಲ್ಲಿ ಅದರ ಬೆಲೆ ಇಲ್ಲಿದೆ. ಚಿಪ್ಪಿನ ಯೋಗ್ಯತೆಗೆ ಅದು ಪ್ರಮಾಣವಾಗದು.

ಮೈಕ್ರೊಕಂಟ್ರೋಲರಿನ ಸಹಜಧರ್ಮ ಹೊತ್ತಿಗೆ ಸರಿಯಾಗಿ ಉತ್ತರ ಕೊಡುವುದು. ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವಾಗ ಕೆಲವು ಮಿಲಿಸೆಕೆಂಡುಗಳ ವಿಳಂಬವೂ ಕೆಲಸವನ್ನು ಕೆಡಿಸಬಹುದು. ಅಂಥಲ್ಲಿಗೆ ಕೆಲವೇ ಕಿಲೊಬೈಟುಗಳಲ್ಲಿ ಅಡಗುವ ಫ್ರೀಆರ್‌ಟಿಓಎಸ್‌ನಂಥ ಸಣ್ಣ ವ್ಯವಸ್ಥೆ ಸಾಕು. ಕೆಲವೆಡೆ ಅದೂ ಬೇಡ. ಲಿನಕ್ಸನ್ನು ತರುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಹೂಡಿದಂತೆ. ಇಲ್ಲಿ ಅಸ್ತ್ರ ಬಿಲ್ಲಿನಿಂದ ಹೊರಡುವುದಕ್ಕೇ ಆರು ಗಂಟೆ.

ಆದ್ದರಿಂದ ವಿದ್ಯಾರ್ಥಿಗಳು ಯೋಜನೆಯನ್ನು ಆರಿಸಿಕೊಳ್ಳುವಾಗ 'ಇದು ಸಾಧ್ಯವೇ' ಎಂದು ಕೇಳಿ ಸುಮ್ಮನಾಗಬಾರದು. ಎಷ್ಟು ಸ್ಮೃತಿ, ಎಷ್ಟು ಕಾಲ, ಯಾವ ಪ್ರಯೋಜನಕ್ಕೆ ಎಂಬ ಲೆಕ್ಕವನ್ನು ಮೊದಲೇ ಬರೆದಿಡಲಿ. ಅಧ್ಯಾಪಕರೂ ಆ ಲೆಕ್ಕವನ್ನು ನೋಡಿದ ಬಳಿಕವೇ ಒಪ್ಪಿಗೆ ಕೊಡುವುದು ಲೇಸೆಂದು ನಮ್ಮ ಅಭಿಪ್ರಾಯ.